ಮರಳಿ ಬರುವೆನೆಂದ ಸಮಾರಿಯದವನು



ಸಂತ ಲೂಕರ ಶುಭಸಂದೇಶದ 10ನೇ ಅಧ್ಯಾಯದ ಸಮಾರಿಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದು ನಮಗೆಲ್ಲ ನೆನಪಿದೆ. ಮರುದಿನ ಅವನು ಮಾಡಿದ್ದನ್ನು ಮರೆಯುತ್ತೇವೆ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ತೀರಿಸುವೆನೆಂದು ಮಾತು ಕೊಟ್ಟ.

ಮನೋರೋಗಿಗಳಿರುವ ಮನೆಗಳು ಸೋಲುವುದು ಈ ಮರುದಿನದಲ್ಲಿಯೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಧಾರವಾಡಕ್ಕೆ, 1845ರಲ್ಲಿ ಆರಂಭವಾಗಿ ಇಂದು ಡಿಮ್ಹಾನ್ಸ್ ಎನಿಸಿಕೊಂಡಿರುವ ಆಸ್ಪತ್ರೆಗೆ, ಮೊದಲ ಸಲ ಮನೆಮಂದಿಯೆಲ್ಲ ಕೂಡಿ ಕರೆದೊಯ್ಯುತ್ತಾರೆ. ಎರಡನೆಯ ಸಲ ಹೊಲದ ಕೆಲಸ, ಒಂದು ದಿನದ ಕೂಲಿ, ಊರವರ ಕಣ್ಣು ಅಡ್ಡ ಬರುತ್ತವೆ. "ಈಗ ಆರಾಮ ಆಗ್ಯಾನಲ್ಲ, ಇನ್ನ ಗುಳಿಗಿ ಯಾಕ?" ಎನ್ನುತ್ತಾಳೆ ಅಜ್ಜಿ. ಆರಾಮಾದದ್ದು ಗುಳಿಗೆಯಿಂದಲೇ ಎಂದು ಆಕೆಗೆ ಯಾರೂ ತಿಳಿಸಿರುವುದಿಲ್ಲ.

ಗುಳಿಗೆಗಳಲ್ಲೂ ಭೇದವಿದೆ. ಖಿನ್ನತೆಯ ಗುಳಿಗೆ ಗುಣ ತೋರಲು ಕೆಲವು ವಾರ ಬೇಕು. ಆತಂಕಕ್ಕೆ, ನಿದ್ರೆಗೆ ಕೊಡುವ ಡಯಜಿಪಾಂ, ಅಲ್‌ಪ್ರಜೋಲಂ ಅದೇ ರಾತ್ರಿ ಕೆಲಸ ಮಾಡುತ್ತವೆ. ಹಾಗಾಗಿ ಜನ ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಹಿಡಿಯುತ್ತಾರೆ. ದಿನಗಳೆದಂತೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ ನಿದ್ರೆ ಹಾರಿ, ಕೈ ನಡುಗಿ, ಫಿಟ್ಸ್ ಕೂಡ ಬರಬಹುದು. ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಸಾರಾಯಿಯೊಂದಿಗೆ ನುಂಗಿದರೆ ಉಸಿರಿಗೇ ಕುತ್ತು.

ಇದಕ್ಕಾಗಿಯೇ 2013ರ ಕೇಂದ್ರ ನಿಯಮದಂತೆ, ಇವನ್ನು ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದು 3 ವರ್ಷ ಕಾಪಾಡಬೇಕು. ಚೀಟಿಯಿಲ್ಲದೆ ಕೊಡಲಾರೆ ಎಂದವನ ಮೇಲೆ ಸಿಟ್ಟಾಗಬೇಡಿ. ಸಿಟ್ಟು ಬರಬೇಕಾದದ್ದು ಸುಮ್ಮನೆ ಕೊಡುವವನ ಮೇಲೆ! ಆದರೆ ತಾರೀಕು ತಪ್ಪಿದರೆ ಚೀಟಿಯಿಲ್ಲ, ಚೀಟಿಯಿಲ್ಲದಿದ್ದರೆ ಗುಳಿಗೆ ಥಟ್ಟನೆ ನಿಂತಂತೆಯೇ. ಪಕ್ಕದ ಮನೆಯವರಿಂದ ನಾಲ್ಕು ಗುಳಿಗೆ ಸಾಲ ತರುವುದು ಪರಿಹಾರವಲ್ಲ. ಗುಳಿಗೆ ಮುಗಿಯುವ ಮೊದಲೇ ಹೊರಡಿ.

ಧಾರವಾಡ ದೂರವೆನ್ನುವವರಿಗೆ, 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆ ಮನೋವೈದ್ಯರನ್ನು ಮಂಗಳವಾರ ತಾಲೂಕು ಆಸ್ಪತ್ರೆಗೆ ಕರೆತಂದಿತು. ನಿಮ್ಮಲ್ಲಿ ಈಗ ಯಾವ ದಿನವೆಂದು ವಿಚಾರಿಸಿಕೊಳ್ಳಿ. ಫೋನಿನಲ್ಲಿ ಕೇಳಲು ಟೆಲಿ ಮಾನಸ್ ಇದೆ: 14416, ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಪ್ರಾರ್ಥನೆಯಿದ್ದರೆ ಸಾಕೆಂದು ಗುಳಿಗೆ ಬಿಡಿಸುವವರು ನಮ್ಮಲ್ಲೂ ಇದ್ದಾರೆ. ಸಿರಾಖನ ಗ್ರಂಥದ 38ನೇ ಅಧ್ಯಾಯ ಪ್ರಾರ್ಥಿಸಲೂ ಹೇಳುತ್ತದೆ, ವೈದ್ಯನಿಗೆ ಸ್ಥಾನ ಕೊಡಲೂ ಹೇಳುತ್ತದೆ.

ಬರುವ ಭಾನುವಾರ ಬಲಿಪೂಜೆಯ ನಂತರ ಅಂಥ ಮನೆಯ ತಾಯಿಯನ್ನು ಮುಂದಿನ ತಾರೀಕು ಯಾವುದೆಂದು ಮೆಲ್ಲಗೆ ಕೇಳಿ. ಅಂದು ಮನೆಯವರಿಗೆ ಕಬ್ಬಿನ ಕೆಲಸವಿದ್ದರೆ, ಆಕೆಯ ಜೊತೆ ನೀವು ಬಸ್ಸು ಹತ್ತಿ.