ಕಣ್ಣಿನ ಅಂದಾಜು, ಕಾಲದ ಲೆಕ್ಕ

(ಹೊಳವನಹಳ್ಳಿಯ ಇಬ್ಬರ ನಡುವಿನ ಸಂವಾದ. ಒಬ್ಬರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಇನ್ನೊಬ್ಬರು ಬೇಸಾಯದ ಗೌಡರು.)

ಗೌಡರು: ನೀಲಕುರಿಂಜಿಯನ್ನು 2024ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದವರು ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಈಡಾಗಬಹುದಾದ’ ಗಿಡ ಅಂತ ಸೇರಿಸಿದರಂತೆ, ಮೇಷ್ಟ್ರೇ. ನನಗೆ ಇದು ಒಪ್ಪಿಗೆಯಾಗ್ತಿಲ್ಲ. 2018ರಲ್ಲಿ ಮುನ್ನಾರಿನ ಕಡೆ ಅರಳಿತು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲು ಅದೇ ಕುಲದ ಹೂವಿಂದ ನೀಲಿಯಾಯ್ತು, ನೋಡೋಕೆ ಜನ ಮುಗಿಬಿದ್ದರು. ಗುಡ್ಡಕ್ಕೆ ಗುಡ್ಡವೇ ತುಂಬಿಕೊಳ್ಳೋ ಗಿಡ ಅಪರೂಪದ್ದು ಹೇಗಾಗುತ್ತೆ?

ಮೇಷ್ಟ್ರು: ಕೆಂಪು ಪಟ್ಟಿ ಇವತ್ತಿನ ಎಣಿಕೆಯೊಂದರ ಮೇಲೆ ನಿಂತಿಲ್ಲ, ಗೌಡ್ರೇ. ಹತ್ತು ವರ್ಷ ಅಥವಾ ಆ ಜೀವಿಯ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಎಷ್ಟು ಕುಗ್ಗಿತು ಅಂತಲೂ ಅದು ನೋಡುತ್ತದೆ. ಕುಗ್ಗಿಸುವ ಕಾರಣ ಇನ್ನೂ ನಿಲ್ಲದಿರುವಾಗ ಇಳಿಕೆ ಶೇಕಡ 30 ಮುಟ್ಟಿದರೆ ಈ ವರ್ಗ, 50 ಮುಟ್ಟಿದರೆ ‘ಅಳಿವಿನಂಚಿನ’ ವರ್ಗ. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಕಟ್ಟಿ, ಸಾಯುವ ಗಿಡ. ಅದರ ಮೂರು ತಲೆಮಾರು ಅಂದರೆ 36 ವರ್ಷ. ಬೆಳೆಯುವುದು 1,300ರಿಂದ 2,400 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ. ಆ ನೆಲಕ್ಕೆ ಚಹಾ ತೋಟ ಬಂತು, ನೀಲಗಿರಿ ತೋಪು ಬಂತು, ರಸ್ತೆ, ಕಟ್ಟಡಗಳು ಬಂದವು. ನೆಲೆಯ ಸುಮಾರು ಶೇಕಡ 40 ಭಾಗ ಹೋಯಿತು. ಈಗಿರುವುದು ಬಿಡಿಬಿಡಿಯಾದ 34 ಗುಂಪುಗಳು: ಪಶ್ಚಿಮ ಘಟ್ಟದಲ್ಲಿ 33, ಪೂರ್ವ ಘಟ್ಟದಲ್ಲಿ ಒಂದು. ಉಳಿದ ನೆಲ ಅರಳಿದರೆ ನೋಡುವವರಿಗೆ ಬೆಟ್ಟ ತುಂಬಿದ ಹಾಗೇ ಇರುತ್ತದೆ. ಹೋದ ನೆಲದಲ್ಲಿ ಹೂ ಬರಲಿಲ್ಲ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಹೇಳುತ್ತೇನೆ, ಹೇರಳವಾಗಿ ಕಂಡದ್ದನ್ನು ಸುರಕ್ಷಿತ ಅಂತ ನಂಬಬಾರದು.

ಗೌಡರು: ಜೀವಿಗಳು ಹುಟ್ಟುತ್ತವೆ, ಅಳಿಯುತ್ತವೆ. ಮನುಷ್ಯ ಬರೋಕೆ ಮೊದಲೂ ಹಾಗೇ ನಡೀತಿತ್ತು. ಚಹಾ ತೋಟದಲ್ಲಿ ಸಾವಿರಾರು ಜನ ಅನ್ನ ಸಂಪಾದಿಸ್ತಾರೆ. ಹನ್ನೆರಡು ವರ್ಷಕ್ಕೊಂದು ಸಲ ಕಾಣೋ ಹೂವಿಗೆ ಆ ಅನ್ನಕ್ಕಿಂತ ಹೆಚ್ಚು ತೂಕ ಕೊಡಬೇಕೇ?

ಮೇಷ್ಟ್ರು: ಸಾವು ಸಹಜ ಅಂದ ಮಾತ್ರಕ್ಕೆ ಕೊಲೆ ಸಹಜವಾಗುವುದಿಲ್ಲ. ತಾನಾಗಿ ಆಗುವ ಅಳಿವು ಬಹುಪಾಲು ನಿಧಾನದ್ದು. ಅಷ್ಟು ಹೊತ್ತಿಗೆ ಬೇರೆ ಜೀವಿಗಳು ಹೊಂದಿಕೊಳ್ಳುತ್ತವೆ. ಇಲ್ಲಿ ಕೆಲವೇ ತಲೆಮಾರಿನಲ್ಲಿ ನಾವೇ ನೆಲ ಕಿತ್ತುಕೊಂಡಿದ್ದೇವೆ. ಇನ್ನು ಅನ್ನದ ಪ್ರಶ್ನೆ ದೊಡ್ಡದೇ. ಆದರೆ ಇದ್ದ ತೋಟ ಕೀಳಿ ಅಂತ ಈ ಪಟ್ಟಿ ಹೇಳುವುದಿಲ್ಲ. ಉಳಿದ ಹುಲ್ಲುಗಾವಲಿನ ಗತಿಯೇನು ಅಂತ ಕೇಳುತ್ತದೆ. ಆ ಹುಲ್ಲು ಮಳೆನೀರು ಹಿಡಿದು ಹೊಳೆಗಳಿಗೆ ನಿಧಾನವಾಗಿ ಬಿಡುತ್ತದೆ. ಕೆಳಗಿನ ಊರುಗಳ ಅನ್ನವೂ ಅದರಲ್ಲಿದೆ. ಹೂ ನಿಂತಿರುವ ನೆಲವನ್ನು ಕಾದರೆ ಅನ್ನವನ್ನೂ ಕಾದಂತೆ.

ಗೌಡರು: ಆಗಲಿ. ಆದರೆ ನಮ್ಮ ದೇವರಾಯನದುರ್ಗವೇ 1,200 ಮೀಟರಿನ ಆಸುಪಾಸು. ಕುರಿಂಜಿ ಇಲ್ಲಿ ಹುಟ್ಟೋದೇ ಇಲ್ಲ. ಹೊಳವನಹಳ್ಳಿಯವರಿಗೆ ಈ ಚಿಂತೆ ಯಾಕೆ?

ಮೇಷ್ಟ್ರು: ಹೇರಳವಾಗಿ ಕಂಡದ್ದು ಸುರಕ್ಷಿತ ಅನ್ನುವ ಅದೇ ತಪ್ಪನ್ನು ನಾವು ನಮ್ಮ ಕಲ್ಲುಬೆಟ್ಟಗಳಲ್ಲೂ ಮಾಡುತ್ತಿರುವುದರಿಂದ. ಮಾಗಳಿ ಬೇರನ್ನು ನೋಡಿ. ದಕ್ಷಿಣ ಭಾರತದ ಒಣ ಬೆಟ್ಟಗಳ ಬಂಡೆ ಸಂದಿಯಲ್ಲಿ ಹಬ್ಬುವ ಬಳ್ಳಿ. ಹೂವು ಚಿಕ್ಕದು, ಯಾರೂ ಅದನ್ನು ನೋಡಲು ಬೆಟ್ಟ ಹತ್ತುವುದಿಲ್ಲ. ಅದರ ಘಮಘಮಿಸುವ ಬೇರಿನ ಉಪ್ಪಿನಕಾಯಿ ಮಾತ್ರ ಮನೆಮನೆಯ ಜಾಡಿಯಲ್ಲಿದೆ. ಸಂತೆಯಲ್ಲಿ ರಾಶಿ ಬಿದ್ದಿರುವಾಗ ಅದು ಮುಗಿದೀತು ಅಂತ ಯಾರಿಗೆ ಅನ್ನಿಸುತ್ತದೆ? ಆದರೆ ಕೆಂಪು ಪಟ್ಟಿಯಲ್ಲಿ ಅದು ಕುರಿಂಜಿಗಿಂತ ಒಂದು ಮೆಟ್ಟಿಲು ಮುಂದೆ, ಅಳಿವಿನಂಚಿನ ವರ್ಗದಲ್ಲಿದೆ. ಕುರಿಂಜಿಗೆ ಕುತ್ತು ಬಂದದ್ದು ನೆಲ ಹೋಗಿ. ಮಾಗಳಿಗೆ ಬಂದದ್ದು ಬೇರನ್ನೇ ಅಗೆದು. ಬೀಜ ಉದುರುವ ಮೊದಲೇ ಪೂರ್ತಿ ಗಡ್ಡೆ ಕಿತ್ತರೆ ಬಿತ್ತನೆ ರಾಗಿಯನ್ನೇ ಬೀಸಿ ಮುದ್ದೆ ಮಾಡಿದ ಹಾಗೆ. ಸಂತೆಯ ರಾಶಿ ದೊಡ್ಡದಾದಷ್ಟೂ ಬೆಟ್ಟ ಬರಿದಾಗುತ್ತಿರಬಹುದು.

ಗೌಡರು: ಬೇರು ಅಗೆಯೋರು ಬಡವರು, ಮೇಷ್ಟ್ರೇ. ಬೇಡ ಅಂದರೆ ಕದ್ದು ಅಗೀತಾರೆ. ಎಲ್ಲೋ ಕೂತು ಬರೆದ ಪಟ್ಟಿಯನ್ನು ಅವರು ಯಾಕೆ ಕೇಳಬೇಕು?

ಮೇಷ್ಟ್ರು: ನಿಷೇಧವೊಂದೇ ಸಾಲದು ಅನ್ನುವುದು ನನಗೂ ಒಪ್ಪಿಗೆ. ಕೇರಳದಲ್ಲಿ 2006ರಲ್ಲಿ ಸುಮಾರು 3,200 ಹೆಕ್ಟೇರಿನ ಕುರಿಂಜಿಮಲ ಅಭಯಾರಣ್ಯ ಘೋಷಿಸಿದರು. ಅಲ್ಲಿ ನೆಲೆಸಿದವರ ಜಮೀನಿನ ಹಕ್ಕಿನ ತಕರಾರು ಬಹುಕಾಲ ಎಳೆಯಿತು. ಜನರನ್ನು ಹೊರಗಿಟ್ಟ ರಕ್ಷಣೆ ಕುಂಟುತ್ತದೆ. ಮಾಗಳಿಗೆ ದಾರಿಯಿದೆ: ಬೀಜ ಬಿದ್ದ ಮೇಲೆ ಅಗೆಯುವುದು, ಒಂದಷ್ಟು ಬೇರು ಉಳಿಸುವುದು, ಹೊಲದ ಬದುವಿನಲ್ಲಿ ಬೆಳೆಸುವುದು. ಅಂಗಾಂಶ ಕೃಷಿಯಿಂದ ಸಸಿ ಮಾಡುವ ಬಗ್ಗೆ ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಕೆಲಸ ಮಾಡಿದ್ದಾರೆ. ಪಟ್ಟಿ ಎಲ್ಲೋ ಕೂತು ಬರೆದದ್ದು ಅನ್ನುವ ನಿಮ್ಮ ಆಕ್ಷೇಪಕ್ಕೂ ಉತ್ತರವಿದೆ, ನಮ್ಮದನ್ನು ನಾವೇ ಬರೆಯುವುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ಜನತಾ ದಾಖಲೆ ಇಡಬೇಕು. ಕುರಿಂಜಿ ಅರಳಿದ ವರ್ಷಗಳನ್ನು 1838ರಿಂದ ಯಾರೋ ಬರೆದಿಟ್ಟರು. ಅದರಿಂದಲೇ 2030 ಮುಂದಿನ ಸರದಿ ಅಂತ ಹೇಳಬಲ್ಲೆವು. ಸಿದ್ಧರಬೆಟ್ಟದಲ್ಲಿ ಮೂಲಿಕೆಗಳಿವೆ ಅಂತ ಹೆಮ್ಮೆಪಡುವ ನಾವು ಯಾವುದು ಎಲ್ಲಿದೆ, ಎಷ್ಟಿದೆ ಅಂತ ವರ್ಷವರ್ಷ ಬರೆದಿಡದಿದ್ದರೆ, ಹೋದದ್ದು ಹೋಯಿತು ಅನ್ನುವುದೂ ಗೊತ್ತಾಗುವುದಿಲ್ಲ.

ಗೌಡರು: ಹಾಗಾದರೆ ಒಂದು ಷರತ್ತು. ಬೇರು ಅಗೆಯೋರನ್ನೇ ಆ ಸಮಿತಿಗೆ ಕೂರಿಸಬೇಕು. ಯಾವ ಬಂಡೆ ಸಂದೀಲಿ ಹಿಂದೆ ಬಳ್ಳಿ ಇತ್ತು, ಈಗ ಇಲ್ಲ ಅನ್ನೋದು ಅವರಿಗೆ ಗೊತ್ತಿರೋ ಅಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೇಷ್ಟ್ರು: ಅದು ಷರತ್ತಲ್ಲ ಗೌಡ್ರೇ, ಮೊದಲ ಕೆಲಸ. ಕಳೆದದ್ದನ್ನು ಬಲ್ಲವರು ಹೇಳಬೇಕು, ಓದಿದವರು ಬರೆದುಕೊಳ್ಳಬೇಕು. ಆ ಬರಹವನ್ನು ಮುಂದಿಟ್ಟುಕೊಂಡು ಎಷ್ಟು ಅಗೆಯಬಹುದು, ಎಲ್ಲಿ ಬಿಡಬೇಕು ಅಂತ ಗ್ರಾಮಸಭೆ ತೀರ್ಮಾನಿಸಬೇಕು.