ಅರಸನಿಲ್ಲದ ಕೆರೆ

ದಂಡಿಸುವ ಅಧಿಕಾರ ತನಗೆ ಮಾತ್ರ ಸೇರಿದ್ದೆಂದು ಹೇಳಿಕೊಳ್ಳುವ ಪ್ರಭುತ್ವವೊಂದಿಲ್ಲದೆ ಜನರು ಪರಸ್ಪರ ಒಪ್ಪಂದದ ಮೇಲೆ ಬಾಳಬಲ್ಲರು ಎಂಬುದು ಅರಾಜಕತಾವಾದದ ತಿರುಳು. ಫ್ರಾನ್ಸಿನ ಪ್ರೂಧೋನ್ 1840ರಲ್ಲಿ ತನ್ನನ್ನು ಅರಾಜಕತಾವಾದಿಯೆಂದು ಕರೆದುಕೊಂಡಾಗಿನಿಂದ ಈ ವಾದದ ಮೇಲೆ ಎದ್ದಿರುವ ದೊಡ್ಡ ಆಕ್ಷೇಪವೆಂದರೆ, ಅಂಥ ಸಮಾಜ ಬಹುಕಾಲ ನಿಲ್ಲಲಾರದು ಎಂಬುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಕೆರೆಗಳನ್ನು ಮುಂದಿಟ್ಟುಕೊಂಡು ಯೋಚಿಸಿದರೆ, ಈ ಆಕ್ಷೇಪದ ಗುರಿಯೇ ತಪ್ಪಿದೆ ಎನ್ನಬೇಕಾಗುತ್ತದೆ.

ಕೆರೆಗಳನ್ನು ಕಟ್ಟಿಸಿದವರು ಅರಸರೋ ಪಾಳೆಯಗಾರರೋ ಊರ ಗೌಡರೋ ಇರಬಹುದು; ಆದರೆ ನೀರಿನ ದಿನನಿತ್ಯದ ಆಡಳಿತ ಅರಮನೆಯಿಂದ ನಡೆಯುತ್ತಿರಲಿಲ್ಲ. ತೂಬು ಎತ್ತುವವನು ನೀರುಗಂಟಿ. ಯಾವ ಗದ್ದೆಗೆ ಮೊದಲ ಸರದಿ, ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಭತ್ತ ನಾಟಿ, ಕಾಲುವೆ ಒಡೆದು ಕದ್ದು ನೀರು ಹಾಯಿಸಿಕೊಂಡವನಿಗೆ ಎಷ್ಟು ದಂಡ ಎಂಬುದನ್ನು ಊರಿನ ಹಿಡುವಳಿದಾರರೇ ಕೂತು ತೀರ್ಮಾನಿಸುತ್ತಿದ್ದರು, ನೀರುಗಂಟಿಗೆ ಸಲ್ಲಬೇಕಾದ ಆಯವನ್ನು ಸುಗ್ಗಿಯ ಕಣದಲ್ಲೇ ಧಾನ್ಯವಾಗಿ ಅಳೆದು ಕೊಡುತ್ತಿದ್ದರು. ಸಮುದಾಯದ ಸೊತ್ತನ್ನು ಬಳಸುವವರೇ ಕಾಯಬಲ್ಲರು ಎಂದು 1990ರಲ್ಲಿ ಪುಸ್ತಕ ಬರೆದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂದಿತು. ಕೆರೆಯ ಕೆಳಗೆ ಬದುಕಿದವರಿಗೆ ಅದು ತಲೆಮಾರುಗಳ ಅನುಭವವಾಗಿತ್ತು. ಮೇಲಿನ ಆಜ್ಞೆಯಿಲ್ಲದ ವ್ಯವಸ್ಥೆ ನಿಲ್ಲಬಲ್ಲದು, ದೀರ್ಘಕಾಲ ನಿಲ್ಲಬಲ್ಲದು.

ನಿಜವಾದ ಪ್ರಶ್ನೆ, ಅದು ಯಾರ ಬೆನ್ನಿನ ಮೇಲೆ ನಿಂತಿತ್ತು ಎಂಬುದು. ನೀರುಗಂಟಿಯ ಕೆಲಸ ಹುಟ್ಟಿನಿಂದ ಬರುತ್ತಿತ್ತು. ಅನೇಕ ಊರುಗಳಲ್ಲಿ ಅವನು ದಲಿತ ಕುಟುಂಬದವನು, ಅಚ್ಚುಕಟ್ಟಿನಲ್ಲಿ ಅವನಿಗೆ ಸ್ವಂತ ಗದ್ದೆಯಿಲ್ಲದಿರುವುದೇ ಅವನ ನಿಷ್ಪಕ್ಷಪಾತಕ್ಕೆ ಖಾತರಿಯೆಂದು ಎಣಿಸಲಾಗುತ್ತಿತ್ತು. ಎಲ್ಲರಿಗೂ ನ್ಯಾಯವಾಗಿ ನೀರು ಹಂಚುವವನಿಗೆ ಆ ನೀರಿನಲ್ಲಿ ಪಾಲಿಲ್ಲದಂತೆ ನೋಡಿಕೊಂಡ ಊರು ಸ್ಥಿರವಾಗಿತ್ತೇ ಹೊರತು ಸ್ವತಂತ್ರವಾಗಿರಲಿಲ್ಲ. ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಗ್ರಾಮ ಗಣರಾಜ್ಯದ ಕಲ್ಪನೆಯನ್ನು ಕಟುವಾಗಿ ತಿರಸ್ಕರಿಸಿದ್ದನ್ನು ಇಲ್ಲಿ ನೆನೆಯಬೇಕು, ಮತ್ತು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆ ಬಂದದ್ದು ಊರಿನ ಒಪ್ಪಂದದಿಂದಲ್ಲ, ಪ್ರಭುತ್ವದಿಂದ.

ಅರಾಜಕತಾವಾದಿಯ ಉತ್ತರವೂ ಹಗುರವಾದುದಲ್ಲ. ಹೂಳೆತ್ತುವ ಹೊಣೆ ಇಲಾಖೆಗೆ ಹೋದ ಮೇಲೆಯೇ ಊರ ಕೆರೆ ಸರ್ಕಾರದ ಕೆರೆಯಾಯಿತು. ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟು ಕೊಳವೆಬಾವಿಗೆ ದಾರಿ ಸುಗಮ ಮಾಡಿದ್ದೂ ಸರ್ಕಾರವೇ. ಆದರೆ ಕೊಳವೆಬಾವಿ ಇನ್ನೊಂದು ಸತ್ಯವನ್ನೂ ಹೊರಗೆಡವಿತು. ದುಡ್ಡಿದ್ದವನು ತನ್ನ ತೋಟದಲ್ಲೇ ಬೋರು ಕೊರೆಸಿ ತೆಂಗಿಗೆ ನೀರು ಬಿಟ್ಟುಕೊಂಡ ದಿನದಿಂದ ಕೆರೆಯ ಸಭೆಗೆ ಬರುವ ಅಗತ್ಯ ಅವನಿಗಿರಲಿಲ್ಲ, ಬೋರು ಕೊರೆಸಲಾಗದವನಿಗೆ ಸಭೆಯನ್ನು ಕರೆಯುವ ಬಲವಿರಲಿಲ್ಲ. ಬಿಟ್ಟುಹೋಗಬಲ್ಲವನಿಗೂ ಬಿಟ್ಟುಹೋಗಲಾರದವನಿಗೂ ನಡುವೆ ಆಗುವ ಒಪ್ಪಂದವನ್ನು ಸ್ವಯಂಪ್ರೇರಿತ ಎನ್ನುವುದು ಕಷ್ಟ. ಹಳೆಯ ಕಟ್ಟುಪಾಡು ಉಳಿದಿದ್ದು ಯಾರಿಗೂ ಕೆರೆಯನ್ನು ತೊರೆಯಲಾಗದಿದ್ದುದರಿಂದ ಮತ್ತು ಎಲ್ಲರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಿದ್ದುದರಿಂದ.

ಅದೇ ಸೀಮೆಯ ಕೊಬ್ಬರಿಯ ವ್ಯವಹಾರದಲ್ಲಿ ಈ ಎರಡು ಬಂಧಗಳೂ ಇಲ್ಲ. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷಪೂರ್ತಿ ಇದ್ದು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಗಿಟುಕು ಸದ್ದು ಮಾಡುವ ತನಕ ಕಾದ ಕಾಯಿ ತಿಪಟೂರಿನ ಹರಾಜಿಗೆ ಬಂದಾಗ, ಅದರ ಬೆಲೆಯನ್ನು ನಿರ್ಧರಿಸುವ ಉತ್ತರ ಭಾರತದ ಕೊಳ್ಳುಗರನ್ನು ಬೆಳೆಗಾರ ಎಂದೂ ಕಂಡಿರುವುದಿಲ್ಲ. ಬೆಲೆ ಕುಸಿದಾಗ ಬೆಳೆಗಾರರು, ಕೇಂದ್ರದ ಪರವಾಗಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ ಒತ್ತಾಯಿಸುತ್ತಾರೆ. 2024ರ ಹಂಗಾಮಿಗೆ ಕೇಂದ್ರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಇಂಥ ಕೆಲಸವನ್ನು ಸ್ವತಂತ್ರ ಗ್ರಾಮಗಳ ಒಕ್ಕೂಟ ಮಾಡಬಹುದೆಂಬುದು ರಷ್ಯಾದ ಅರಾಜಕತಾವಾದಿ ಕ್ರೊಪೋಟ್ಕಿನ್ ಪರಂಪರೆಯವರ ಉತ್ತರ. ಆದರೆ ನಷ್ಟದಲ್ಲಿ ಕೊಳ್ಳಲು ಒಕ್ಕೂಟಕ್ಕೆ ದುಡ್ಡು ಬೇಕು, ತೆಂಗೇ ಬೆಳೆಯದ ದೂರದ ಊರುಗಳೂ ಅದಕ್ಕೆ ಪಾಲು ಕೊಡಬೇಕು, ಕೊಡಲೊಲ್ಲದವರಿಂದ ಆ ಪಾಲನ್ನು ವಸೂಲಿ ಮಾಡಲು ಹೊರಟ ಒಕ್ಕೂಟ ಹೆಸರು ಯಾವುದಿದ್ದರೂ ತೆರಿಗೆ ಎತ್ತುವ ಪ್ರಭುತ್ವವೇ ಆಗಿರುತ್ತದೆ.