ಪೇಟೆಯ ಲಾಭ, ಊರಿನ ಪಾಲು

ಒಂದು ಊರಿನ ಮಣ್ಣು, ನೀರು, ಮೈದುಡಿಮೆಗಳಿಂದ ಹುಟ್ಟಿದ ಲಾಭದಲ್ಲಿ ಆ ಊರಿಗೆ ಪಾಲಿದೆಯೇ? ಇದ್ದರೆ ಅದು ವ್ಯಾಪಾರಿ ಮನಸ್ಸು ಬಂದಾಗ ಕೊಡುವ ದಾನವೋ, ತೀರಿಸಲೇಬೇಕಾದ ಋಣವೋ? ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಈ ಪ್ರಶ್ನೆ ಕಾರ್ಖಾನೆಗಳ ಜೊತೆಗೆ ಬಂದದ್ದಲ್ಲ. ಇಲ್ಲಿ ಮಗ್ಗ ಮತ್ತು ಸಂತೆಗಳ ನಡುವೆ ಬದುಕಿದವರು ಸಾವಿರ ವರ್ಷದ ಹಿಂದೆಯೇ ಅದನ್ನು ಧರ್ಮದ ಪ್ರಶ್ನೆಯಾಗಿ ಎತ್ತಿಕೊಂಡಿದ್ದರು.

ಆದ್ಯ ವಚನಕಾರನೆಂದು ಹೆಸರಾದ ಜೇಡರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಅಲ್ಲಿನ ರಾಮನಾಥನೇ ಅವನ ಅಂಕಿತ. ದೇವರ ದಾಸಿಮಯ್ಯ ಮತ್ತು ಜೇಡರ ದಾಸಿಮಯ್ಯ ಒಬ್ಬರೇ ಹೌದೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಮುದನೂರಿನ ಜನಕ್ಕೆ ಆ ಅನುಮಾನವಿಲ್ಲ. ಅವನ ಕಥೆಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ಒಂದು ಪೇಟೆಯ ಕಥೆ. ಬಹುಕಾಲ ಕೂತು ನೇಯ್ದ ಬಟ್ಟೆಯನ್ನು ಅವನು ಸಂತೆಗೆ ಒಯ್ಯುತ್ತಾನೆ, ಅದು ಮಾರಾಟವಾಗುವುದಿಲ್ಲ. ಮರಳಿ ಬರುವಾಗ ಜಂಗಮನೊಬ್ಬ ಅದನ್ನು ಬೇಡಿ ಪಡೆದು ಅವನ ಕಣ್ಣೆದುರೇ ಹರಿದು ಚೂರು ಮಾಡುತ್ತಾನೆ. ದಾಸಿಮಯ್ಯ ಕೆರಳುವುದಿಲ್ಲ. ಮೆಚ್ಚಿದ ಶಿವ ಎಂದೂ ಬರಿದಾಗದ ತವನಿಧಿಯನ್ನು ಕೊಡುತ್ತಾನೆ. ಇದನ್ನು ತಾಳ್ಮೆಯ ಕಥೆ ಎಂದು ಓದುವುದು ವಾಡಿಕೆ. ಆದರೆ ದಾಸಿಮಯ್ಯ ಸಂತೆಯನ್ನು ಬಿಟ್ಟು ಕಾಡಿಗೆ ಹೋದವನಲ್ಲ ಎಂಬುದೂ ಅಷ್ಟೇ ಮುಖ್ಯ. ನೇಯುವುದು, ಮಾರುವುದು, ಬಂದದ್ದರಲ್ಲಿ ಹೆಂಡತಿ ದುಗ್ಗಳೆಯೊಡನೆ ಉಂಡು ಉಣಿಸುವುದು ಅವನ ಭಕ್ತಿಯ ಒಳಗಿನ ಕೆಲಸಗಳೇ ಆಗಿದ್ದವು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಇದಕ್ಕೆ ಕಾಯಕ, ದಾಸೋಹ ಎಂಬ ತತ್ತ್ವದ ರೂಪ ಕೊಟ್ಟರು. ಇವೆರಡನ್ನೂ ಒಟ್ಟಿಗೆ ಹೇಳಿಬಿಡುವ ರೂಢಿಯಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಎರಡಕ್ಕೂ ಒಂದು ಕ್ರಮವಿದೆ. ಕಾಯಕ ಶುದ್ಧವಾಗಿದ್ದರೆ ಮಾತ್ರ ಅದರಿಂದ ಬಂದದ್ದು ದಾಸೋಹಕ್ಕೆ ಸಲ್ಲುತ್ತದೆ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಪ್ರಸಂಗ ಇದನ್ನು ತೋರಿಸುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆ ಅಕ್ಕಿ ಕಳವಿನದಲ್ಲ, ಅದರಿಂದ ಜಂಗಮರಿಗೇ ಊಟವಾಗುತ್ತಿತ್ತು. ಆದರೂ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ಕೊಡುವ ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಗಳಿಕೆಯ ದಾರಿ ಸರಿಯಾಗುವುದಿಲ್ಲ ಎಂಬ ಅವಳ ನಿಲುವು ಇಡೀ ಚರ್ಚೆಯ ತಿರುಳು. ಪೇಟೆಯ ನೀತಿಯ ಬಗ್ಗೆ ಈ ನಾಡಿನಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ಮಾತನ್ನು ಯಾರೂ ಆಡಿದಂತಿಲ್ಲ.

ಇದೇ ಸೀಮೆಯ ಬೇರೆ ಧರ್ಮಗಳ ವ್ಯಾಪಾರಿಗಳು ತಮ್ಮ ಗ್ರಂಥಗಳಲ್ಲಿ ಓದುವುದೂ ಇದಕ್ಕೆ ದೂರವಲ್ಲ. ಕುರ್‌ಆನಿನ 83ನೆಯ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರ ಖಂಡನೆಯಿಂದ. ಜೈನರ ತತ್ತ್ವಾರ್ಥಸೂತ್ರ ಅಸ್ತೇಯ ವ್ರತದ ದೋಷಗಳಲ್ಲಿ ಸುಳ್ಳು ಅಳತೆಯನ್ನು ಸೇರಿಸುತ್ತದೆ. ಇಸ್ಲಾಮಿನಲ್ಲಿ ಜಕಾತ್ತಿಗೂ ಜೈನರಲ್ಲಿ ದಾನಕ್ಕೂ ದೊಡ್ಡ ಸ್ಥಾನವಿದೆ, ಆದರೆ ಯಾವ ದಾನವೂ ತಕ್ಕಡಿಯ ಮೋಸವನ್ನು ಮನ್ನಾ ಮಾಡುವುದಿಲ್ಲ.

ಯಾದಗಿರಿ ದೊಡ್ಡ ಪೇಟೆಯಾದದ್ದು ರೈಲಿನಿಂದ. ಮುಂಬೈ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡ ಮೇಲೆ ಇಲ್ಲಿನ ಹತ್ತಿ, ಶೇಂಗಾ, ತೊಗರಿಗಳು ದೂರದ ಗಿರಣಿಗಳ ಸರಕಾದವು. ನಿಜಾಮ ಸರ್ಕಾರ 1930ರಲ್ಲಿ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. ಆಮೇಲೆ ಕರ್ನಾಟಕದ 1966ರ ಕಾಯ್ದೆ ಬಂತು. ತೂಕ, ದಲಾಲಿ, ಹಣ ಪಾವತಿಗೆ ನಿಯಮ ಹಾಕಿದ ಈ ಕಾಯ್ದೆಗಳು ಧರ್ಮಗ್ರಂಥ ಮನಸ್ಸಾಕ್ಷಿಗೆ ಒಪ್ಪಿಸಿದ್ದನ್ನು ಲೈಸೆನ್ಸಿಗೆ ಒಪ್ಪಿಸಿದವು. ಅದು ಕೀಳಾದ ಕೆಲಸವೇನಲ್ಲ. ಮನಸ್ಸಾಕ್ಷಿ ಕೈಕೊಟ್ಟಾಗ ಬಡ ರೈತನ ಕೈಯಲ್ಲಿ ಉಳಿಯುವುದು ಅದೊಂದೇ.

ಜನ ಈಗಲೂ ಗಂಜ್ ಎಂದು ಕರೆಯುವ ಮಾರುಕಟ್ಟೆ ಪ್ರಾಂಗಣದಲ್ಲಿ ತೊಗರಿ ಸುಗ್ಗಿಯ ದಿನ ನಡೆಯುವುದನ್ನು ನೋಡಿದರೆ ನಿಯಮ ಮತ್ತು ನೀತಿಯ ನಡುವಿನ ಸಂದು ಕಾಣುತ್ತದೆ. ರೈತ ಚೀಲಗಳನ್ನು ತನ್ನ ಅಡತಿಯ ಮುಂದೆ ಇಳಿಸುತ್ತಾನೆ. ಖರೀದಿದಾರರು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ, ಹಸಿ ಇದೆಯೇ, ಹುಳು ಇದೆಯೇ ನೋಡಿ ಮುಂದೆ ಹೋಗುತ್ತಾರೆ. ಲಾಟ್ ನಂಬರಿನ ಮೇಲೆ ಇ-ಟೆಂಡರ್ ದರ ಬೀಳುತ್ತದೆ; 2014ರಲ್ಲಿ ಶುರುವಾದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಇದನ್ನು ಕಂಪ್ಯೂಟರಿಗೆ ತಂದಿದೆ. ಆಮೇಲೆ ತೂಕ, ಹಮಾಲಿ, ಪಟ್ಟಿ. ಚೀಲಕ್ಕೆ ಇಷ್ಟು ಎಂದು ತೂಕ ಕಳೆದು ‘ಸೂಟ್’ ಹಿಡಿಯುವ ಅಭ್ಯಾಸದ ವಿರುದ್ಧ ಈ ಭಾಗದ ರೈತ ಸಂಘಟನೆಗಳು ವರ್ಷ ವರ್ಷವೂ ಧ್ವನಿ ಎತ್ತುತ್ತವೆ. ದಲಾಲಿ ಕೊಳ್ಳುವವನಿಂದ ಬರಬೇಕೇ ಹೊರತು ರೈತನಿಂದಲ್ಲ ಎಂದು ಕಾಯ್ದೆ ಹೇಳಿದರೂ ಪಟ್ಟಿಯ ಲೆಕ್ಕ ಎಲ್ಲ ಕಡೆ ಹಾಗೆ ಮುಗಿಯುವುದಿಲ್ಲ.

ಹೀಗಿದ್ದೂ ರೈತ ಅದೇ ಅಡತಿದಾರನ ಬಳಿಗೆ ಮರಳುತ್ತಾನೆ. ಬಿತ್ತನೆಗೆ ಬೀಜ, ಗೊಬ್ಬರ ಉದ್ದರಿ ಕೊಟ್ಟವನು ಅವನೇ. ಮಗಳ ಮದುವೆಗೆ, ರಾತ್ರೋರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಕಾಗದ ಪತ್ರ ಕೇಳದೆ ಹಣ ಎಣಿಸಿದವನೂ ಅವನೇ. ಈ ನಂಟು ಆಸರೆಯೂ ಹೌದು, ಉರುಳೂ ಹೌದು. ಸಾಲಗಾರ ರೈತನಿಗೆ ಬೇರೆ ಅಂಗಡಿಯ ಮುಂದೆ ಚೀಲ ಇಳಿಸುವ ಸ್ವಾತಂತ್ರ್ಯವಿಲ್ಲ, ಆದ್ದರಿಂದ ದರ ಎಷ್ಟೇ ಪಾರದರ್ಶಕವಾಗಿ ಬಿದ್ದರೂ ಅವನ ಮಟ್ಟಿಗೆ ಪೇಟೆ ಮುಕ್ತವಲ್ಲ. ಆದರೆ ಈ ಸಂಬಂಧದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕು. ಅಡತಿದಾರನ ಮನೆ ಅದೇ ಊರಲ್ಲಿದೆ, ಮೈಲಾಪುರದ ಜಾತ್ರೆಗೆ, ತಿಂಥಣಿ ಮೌನೇಶ್ವರನ ತೇರಿಗೆ ಅವನೂ ಬರುತ್ತಾನೆ, ಮಾಡಿದ್ದು ನಾಲ್ಕು ಜನರ ಬಾಯಲ್ಲಿ ಇರುತ್ತದೆ. ಶರಣರ ನೀತಿ ಊಹಿಸಿಕೊಂಡ ಪೇಟೆ ಇಂಥದ್ದು, ಕೊಟ್ಟವನೂ ಕೊಂಡವನೂ ಕಣ್ಣಳತೆಯಲ್ಲಿದ್ದ ಪೇಟೆ.

ದೂರ ಹೆಚ್ಚಿದರೆ ಏನಾಗುತ್ತದೆ ಎಂಬುದನ್ನು ಆಡಂ ಸ್ಮಿತ್ 1759ರ ‘ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್’ ಗ್ರಂಥದಲ್ಲಿ ಕೇಳಿಕೊಂಡಿದ್ದ. ಚೀನಾ ಇಡೀ ಭೂಕಂಪದಲ್ಲಿ ಮುಳುಗಿದರೂ ಯುರೋಪಿನ ಸಜ್ಜನನೊಬ್ಬ ನಿದ್ದೆ ಮಾಡಬಲ್ಲ, ನಾಳೆ ಕಿರುಬೆರಳು ಹೋಗುತ್ತದೆಂದರೆ ಮಾತ್ರ ಅವನಿಗೆ ನಿದ್ದೆ ಬಾರದು. ಆದರೂ ತನ್ನ ಬೆರಳು ಉಳಿಸಿಕೊಳ್ಳಲು ಅಷ್ಟು ಜೀವ ಬಲಿಕೊಡಲು ಅವನು ಒಪ್ಪನು, ಎದೆಯೊಳಗಿನ ನಿಷ್ಪಕ್ಷಪಾತಿ ಸಾಕ್ಷಿ ಅದನ್ನು ತಡೆಯುತ್ತಾನೆ ಎಂಬುದು ಸ್ಮಿತ್ ಕಂಡುಕೊಂಡ ಉತ್ತರ. ಆ ಸಾಕ್ಷಿ ವ್ಯಕ್ತಿಯ ಎದೆಯಲ್ಲಿ ಇದ್ದಾನು. ಷೇರುದಾರರು ಒಂದು ಕಡೆ, ಆಡಳಿತ ಇನ್ನೊಂದು ಕಡೆ, ಹೊಗೆಕೊಳವೆ ಮತ್ತೊಂದು ಕಡೆ ಇರುವ ಕಂಪನಿಯಲ್ಲಿ ಅವನನ್ನು ಎಲ್ಲಿ ಹುಡುಕುವುದು?

ಕಡೇಚೂರು-ಬಾಡಿಯಾಳದಲ್ಲಿ ಈ ಪ್ರಶ್ನೆ ಗಾಳಿಯಲ್ಲೇ ಇದೆ. ಸೈದಾಪುರ ಸಮೀಪದ ಈ ಊರುಗಳಲ್ಲಿ ಕಳೆದ ದಶಕದ ಆರಂಭದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು. ಉದ್ಯೋಗದ ಮಾತು ದೊಡ್ಡದಾಗಿತ್ತು. ರೈಲ್ವೆ ಬೋಗಿ ಚೌಕಟ್ಟಿನ ಕಾರ್ಖಾನೆ ಬಂತು, ಜೊತೆಗೆ ರಾಸಾಯನಿಕ ಮತ್ತು ಔಷಧ ತಯಾರಿಕೆಯ ಘಟಕಗಳೂ ಬಂದವು. ರಾತ್ರಿ ಹೊತ್ತು ಹಬ್ಬುವ ದುರ್ನಾತ, ಹಳ್ಳಕ್ಕೆ ಸೇರುವ ತ್ಯಾಜ್ಯ, ಕೆಮ್ಮುವ ಮಕ್ಕಳು ಎಂದು ಸುತ್ತಲಿನವರು ಮತ್ತೆ ಮತ್ತೆ ದೂರುತ್ತಾರೆ. ಇಲ್ಲಿ ತಯಾರಾದ ಸರಕಿನ ಬೆಲೆಯಲ್ಲಿ ಆ ಕೆಮ್ಮಿನ ಖರ್ಚು ಸೇರಿಲ್ಲ. ಅದನ್ನು ಭರಿಸುವುದು ಆ ಮನೆಗಳೇ. ಹಿಂದಿನವರು ತೂಕದ ಕಳವು ಎಂದು ಕರೆದದ್ದಕ್ಕೂ ಇದಕ್ಕೂ ತಾತ್ತ್ವಿಕವಾಗಿ ವ್ಯತ್ಯಾಸವಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಇರಬೇಕಾದದ್ದನ್ನು ಇಡದೆ ಲೆಕ್ಕ ಮುಗಿಸಿದ್ದಾರೆ, ಅಷ್ಟೇ.

ಶಹಾಪುರ ತಾಲ್ಲೂಕಿನ ಗೋಗಿಯ ಪ್ರಶ್ನೆ ಇನ್ನೂ ಕಠಿಣ. ಚಂದಾ ಹುಸೇನಿಯ ದರ್ಗಾದ ಪಕ್ಕ ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರು ಮಲಗಿರುವ ಊರಿದು. ಅದರ ನೆಲದಡಿ ಯುರೇನಿಯಂ ಸಿಕ್ಕಿದೆ. ಪ್ರಾಯೋಗಿಕ ಗಣಿ ತೋಡಿದಾಗಿನಿಂದ ಊರವರ ಚಿಂತೆ ಕುಡಿಯುವ ನೀರಿನದು. ಇಲ್ಲಿ ಎದುರಿಗಿರುವುದು ಲಾಭಬಡುಕ ಕಂಪನಿಯಲ್ಲ, ದೇಶದ ವಿದ್ಯುತ್ತಿನ ಅಗತ್ಯ. ಬಹುಜನರ ಹಿತಕ್ಕಾಗಿ ಒಂದು ಊರು ಎಷ್ಟು ಹೊರಬೇಕು, ಅದನ್ನು ಯಾರು ತೀರ್ಮಾನಿಸಬೇಕು? ಹೊರುವವರ ಒಪ್ಪಿಗೆ ಇಲ್ಲದ ತ್ಯಾಗವನ್ನು ತ್ಯಾಗ ಎನ್ನಲಾಗದು.

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ತುಂಬಿದ ಮೇಲೆ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಒಣ ನೆಲಕ್ಕೆ ಭತ್ತ ತಂದಿತು. ಅದರ ಬೆನ್ನಿಗೇ ಗೊಬ್ಬರದಂಗಡಿ, ಅಕ್ಕಿ ಗಿರಣಿ, ಹೊರಗಿನಿಂದ ಬಂದು ಗುತ್ತಿಗೆ ಮಾಡುವವರು ಬಂದರು. ನೀರು ನಿಂತ ಹೊಲಗಳು ಸವಳಾದವು. ನೀರು ಸಿಕ್ಕವರ ಬದುಕು ಹಸನಾಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವ ಹೆಂಗಸರು, ಬೇಸಿಗೆ ಬಂದೊಡನೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು ಅದೇ ಊರುಗಳಲ್ಲಿ ಇವೆ. ಸಂಪತ್ತು ಊರಿನ ಮೂಲಕ ಹಾದುಹೋಗುವುದೇ ಬೇರೆ, ಊರಲ್ಲಿ ನಿಲ್ಲುವುದೇ ಬೇರೆ.

ಪ್ರಭುತ್ವ ಊರಿನ ಈ ಋಣವನ್ನು ಕಾನೂನಿನ ಭಾಷೆಯಲ್ಲಿ ಒಪ್ಪಿಕೊಂಡಿದೆ. ಸಂವಿಧಾನದ 371ಜೆ ವಿಧಿ ಈ ಪ್ರದೇಶದವರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಪಾಲು ಕೊಟ್ಟಿದೆ, ಆದರೆ ಖಾಸಗಿ ಕಾರ್ಖಾನೆಯ ಗೇಟಿನ ಒಳಗೆ ಅದು ಹೋಗುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೆಯ ಕಲಂ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ. ಅದರಿಂದ ಶಾಲೆಗೆ ಕೋಣೆ, ಊರಿಗೆ ಶುದ್ಧ ನೀರಿನ ಘಟಕ ಬಂದರೆ ಒಳ್ಳೆಯದೇ. ಲಕ್ಕಮ್ಮನ ನಿಲುವಿನಿಂದ ನೋಡಿದರೆ ಈ ಖರ್ಚು ದಾಸೋಹದ ಸಾಲಿಗೆ ಸೇರಬೇಕಾದರೆ ಮೊದಲು ಉಳಿದ ಶೇ 98 ಹೇಗೆ ಬಂತು ಎಂಬ ಲೆಕ್ಕ ಒಪ್ಪಿಸಬೇಕು: ಹಳ್ಳಕ್ಕೆ ಏನು ಬಿಟ್ಟಿರಿ, ಭೂಮಿ ಕೊಟ್ಟವರ ಮನೆಯವರಿಗೆ ಯಾವ ಕೆಲಸ ಕೊಟ್ಟಿರಿ, ಗುತ್ತಿಗೆ ಕಾರ್ಮಿಕನ ಕೂಲಿ ಎಷ್ಟು. ಈ ಲೆಕ್ಕ ಕೇಳುವ ಜಾಗ ಹೊಸದಾಗಿ ಹುಟ್ಟಬೇಕಿಲ್ಲ. ಗ್ರಾಮಸಭೆ ಈಗಾಗಲೇ ಇದೆ. ಗಾಳಿ, ನೀರಿನ ತಪಾಸಣೆಯ ವರದಿಯನ್ನು ಕಡೇಚೂರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲು ಕಂಪನಿಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಯಾವ ಹೊಸ ಕಾಯ್ದೆಯೂ ಬೇಕಾಗಿಲ್ಲ.